ನಾವು ಒಡೆದ ಪಿಯಾನೋ

ನಾನು ಡಿಗ್ರಿ ಮಾಡುವುದು ಆಗದ ಮಾತು ಎಂದವನು ನಮ್ಮ ದೊಡ್ಡಪ್ಪ. ಬೇರೆಯವರು ಮನಸ್ಸಿನಲ್ಲಿ ಅಂದುಕೊಂಡಿರಬಹುದು. ನಾಲ್ಕು ಜನರ ಎದುರು, ಎಲೆಯಡಿಕೆ ಉಗಿದು ಬಾಯಿ ಚೊಕ್ಕ ಮಾಡಿಕೊಂಡು, ಬಿಡಿಸಿ ಹೇಳಿದವನು ಅವನೊಬ್ಬನೇ.

“ಗುಜರಿಯೋರ ಮನೇಗೆ ಪುಸ್ತಕ ಬರೋದು ತೂಕಕ್ಕೆ ಕಣೋ, ಓದೋಕಲ್ಲ. ನಿಮ್ಮಪ್ಪ ಓದ್ಲಿಲ್ಲ, ನಾನ್ ಓದ್ಲಿಲ್ಲ, ನಿಮ್ ತಾತಂಗೆ ತಕ್ಕಡಿ ಮುಳ್ಳು ಬಿಟ್ರೆ ಬೇರೆ ಅಕ್ಷರ ಗೊತ್ತಿರ್ಲಿಲ್ಲ. ನೀನೇನ್ ಆಕಾಶದಿಂದ ಬಿದ್ದಿದೀಯಾ? ಆಫೀಸರ್ ಆಗ್ತೀಯಾ? ಆಗಪ್ಪ. ಮೊದ್ಲು ಆ ಬೀರು ಎತ್ತು.”

ಬೀರು ಎತ್ತಿದೆ. ಎತ್ತದೆ ಇರುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನಮ್ಮದು ಮನೆ ಖಾಲಿ ಮಾಡುವ ಕೆಲಸ. ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ತಗಡಿನ ಗೋಡೌನು. ತೊಂಬತ್ತರ ದಶಕದಲ್ಲಿ ಕಂಟೋನ್ಮೆಂಟಿನ ಹೆಂಚಿನ ಬಂಗಲೆಗಳು ಒಂದೊಂದಾಗಿ ಬಿಲ್ಡರುಗಳ ಕೈಗೆ ಹೋಗುತ್ತಿದ್ದವು. ಮನೆಯವರು ಆಸ್ಟ್ರೇಲಿಯಾಕ್ಕೋ, ಮಗನ ಫ್ಲಾಟಿಗೋ ಹೊರಡುವಾಗ ಬೇಕಾದ್ದನ್ನು ಕಟ್ಟಿಕೊಂಡು ಬೇಡವಾದ್ದನ್ನು ನಮಗೆ ಬಿಡುತ್ತಿದ್ದರು. ಷರತ್ತು ಒಂದೇ: ಎತ್ತಿದರೆ ಎಲ್ಲವನ್ನೂ ಎತ್ತಬೇಕು. ತೇಗದ ಮಂಚ ಬೇಕೆಂದರೆ ಮೂತ್ರದ ಕಲೆ ಬಿದ್ದ ಹಾಸಿಗೆಯನ್ನೂ, ಒಡಕು ಕಮೋಡನ್ನೂ, ಸತ್ತವರ ಹಲ್ಲಿನ ಸೆಟ್ಟನ್ನೂ ಹೊತ್ತುಕೊಂಡು ಹೋಗಬೇಕು.

ದೂರದಿಂದ ನೋಡಿದವರಿಗೆ ಅದು ಸಾಮಾನು ಸಾಗಿಸುವ ಕೆಲಸದಂತೆ ಕಾಣುತ್ತಿತ್ತು. ಹತ್ತಿರದಿಂದ ನೋಡಿದರೆ ಕಸಾಯಿ ಕೆಲಸ. ಇಡಿಯಾಗಿರುವ ಹಳೇ ಸಾಮಾನಿಗೆ ಗಿರಾಕಿ ಅಪರೂಪ. ಒಡೆದದ್ದಕ್ಕೆ ದಿನವೂ ಇದ್ದಾನೆ. ಬಾಗಿಲಲ್ಲಿ ಹಿಡಿಸದ ಬೀರುವನ್ನು ಮಹಡಿಯಿಂದ ಅಂಗಳಕ್ಕೆ ತಳ್ಳುತ್ತಿದ್ದೆವು. ನಿಲುಗನ್ನಡಿಯನ್ನು ಗೋಣಿಯಲ್ಲಿ ಸುತ್ತಿ ಮೇಲೆ ಹತ್ತಿ ತುಳಿಯುತ್ತಿದ್ದೆವು. ಕುರ್ಚಿಯ ಕಾಲನ್ನು ಮೊಣಕಾಲಿಗೆ ಒತ್ತಿ ಮುರಿಯುತ್ತಿದ್ದೆವು, ಕೋಳಿಯ ಕತ್ತು ಮುರಿದ ಹಾಗೆ. ಹಿತ್ತಾಳೆ ಒಂದು ಕಡೆ, ಕಬ್ಬಿಣ ಒಂದು ಕಡೆ, ಮರ ಒಂದು ಕಡೆ. ಬೆಳಿಗ್ಗೆ ಇದ್ದ ಒಂದು ಸಂಸಾರ ಸಂಜೆಗೆ ಮೂರು ಗುಡ್ಡೆಯಾಗುತ್ತಿತ್ತು.

ಇಂಥ ಕೆಲಸಕ್ಕೂ ಒಂದು ಮರ್ಯಾದೆ ಇತ್ತು. ಮನೆಯವರ ಕಣ್ಣೆದುರು ಒಡೆಯಬಾರದು. ಅವರು ಗೇಟಿನಲ್ಲಿ ನಿಂತು, “ಈ ಊಟದ ಮೇಜು ಯಾರಾದ್ರೂ ಒಳ್ಳೇವ್ರ ಮನೇಗೆ ಕೊಡ್ರಪ್ಪ” ಎನ್ನುತ್ತಿದ್ದರು. ದೊಡ್ಡಪ್ಪ ಟವೆಲ್ಲನ್ನು ಹೆಗಲಿಂದ ಇಳಿಸಿ, “ಆಗ್ಲಿ ಮೇಡಂ, ಒಳ್ಳೇ ಮನೆ ನೋಡಿಟ್ಟಿದೀನಿ” ಎನ್ನುತ್ತಿದ್ದ. ಅವರ ಕಾರು ತಿರುವು ದಾಟುವವರೆಗೂ ಕೈಮುಗಿದು ನಿಂತಿರುತ್ತಿದ್ದ. ದಾಟಿದ ಮೇಲೆ ಕೈ ಬಿಡಿಸದೆಯೇ ಕೇಳುತ್ತಿದ್ದ: “ಸುತ್ತಿಗೆ ಎಲ್ರೋ?”

ಪಿಯಾನೋಗೆ ಇನ್ನೊಂದು ನಿಯಮವಿತ್ತು. ಅದು ಅಪ್ಪನದು. ಗೆದ್ದಲು ಹಿಡಿದ ಪಿಯಾನೋ ಯಾರಿಗೂ ಬೇಡ. ಆದರೆ ಅದರ ಹೊಟ್ಟೆಯೊಳಗೆ ಎರಕ ಹೊಯ್ದ ಬೀಡು ಕಬ್ಬಿಣದ ಚೌಕಟ್ಟು ಇರುತ್ತದೆ, ಆಳೆತ್ತರದ್ದು. ಅದರ ಮೇಲಿಂದ ಕೆಳಕ್ಕೆ ನೂರಾರು ಉಕ್ಕಿನ ತಂತಿ ಬಿಗಿದಿರುತ್ತಾರೆ. ಚೌಕಟ್ಟನ್ನು ತುಂಡು ಮಾಡಿದರೆ ಬೀಡು ನಮ್ಮದು, ದಪ್ಪ ತಂತಿಗೆ ಸುತ್ತಿದ ತಾಮ್ರ ನಮ್ಮದು. ಅಪ್ಪ ಮೊದಲು ತಿರುಪು ಬಿಚ್ಚುವ ಪಾನ ಹಾಕಿ ಒಂದೊಂದೇ ತಂತಿಯನ್ನು ಸಡಿಲ ಬಿಡುತ್ತಿದ್ದ. “ಅಷ್ಟೂ ಎಳ್ಕೊಂಡ್ ನಿಂತಿರುತ್ತೆ ಕಣೋ ಒಳಗೆ. ಹಾವಿನ ಬುಟ್ಟಿ ಅದು. ಮೊದ್ಲು ಸಮಾಧಾನ ಮಾಡು, ಆಮೇಲೆ ಹೊಡಿ” ಎನ್ನುತ್ತಿದ್ದ.

ಆ ಅಪ್ಪ ಮಲಗಿಬಿಟ್ಟ. ಕಾಕ್ಸ್ ಟೌನಿನ ಒಂದು ಮನೆಯ ಮೆಟ್ಟಿಲ ಮೇಲೆ ಬೀರು ಜಾರಿ ಅವನ ಸೊಂಟದ ಮೇಲೆ ಬಿತ್ತು. ಆಸ್ಪತ್ರೆಯಲ್ಲಿ ಅವನು ಕಣ್ಣು ಬಿಟ್ಟಾಗ ದೊಡ್ಡಪ್ಪ ಹೇಳಿದ ಮೊದಲ ಮಾತು, “ಬೀರೂಗೆ ಒಂದ್ ಗೀರೂ ಬಿದ್ದಿಲ್ಲ ಬಿಡೋ.” ಅಪ್ಪ ನಕ್ಕ. ನಗುತ್ತಲೇ ನೋವಿಗೆ ಕಿರುಚಿದ. ಅಂದಿನಿಂದ ಎರಡೂ ಮನೆಗೆ ಅನ್ನ ಹಾಕುವವನು ದೊಡ್ಡಪ್ಪನಾದ, ಅಪ್ಪನ ಜಾಗಕ್ಕೆ ನಾನಾದೆ. ಹಗಲು ಗಡಾರಿ, ಸಂಜೆ ಕಾಲೇಜು. ಬಿ.ಕಾಂ. ತರಗತಿಗೆ ತಲೆಯಲ್ಲಿ ಸುಣ್ಣದ ಪುಡಿ ಹೊತ್ತೇ ಹೋಗುತ್ತಿದ್ದೆ. “ಏನ್ ಗುರು, ಗೋರಿಯಿಂದ ಎದ್ ಬಂದಂಗಿದೀಯಾ” ಎಂದು ಹಿಂದಿನ ಬೆಂಚಿನವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಕೊನೆಯ ವರ್ಷಕ್ಕೆ ಬಂದಿದ್ದೆ. ಪರೀಕ್ಷೆ ಬರೆದುಬಿಟ್ಟರೆ ಈ ಸುತ್ತಿಗೆಯಿಂದ ಬಿಡುಗಡೆ ಎಂಬುದೊಂದೇ ನನ್ನ ಲೆಕ್ಕ.

ಪರೀಕ್ಷೆಗೆ ಇನ್ನು ಒಂದು ತಿಂಗಳೂ ಉಳಿದಿರಲಿಲ್ಲ, ಆಗ ಕಾಕ್ಸ್ ಟೌನಿನ ಚರ್ಚಿನ ಹಿಂದಿನ ಮನೆ ಬಂತು. ಒಬ್ಬಳೇ ಮುದುಕಿ, ಆಂಗ್ಲೋ ಇಂಡಿಯನ್, ಕಲ್ಯಾಣ ನಗರದಲ್ಲಿದ್ದ ಮಗಳ ಫ್ಲಾಟಿಗೆ ಹೋಗುವವಳು. ಬಿಲ್ಡರ್ ನಮಗೂ ಹೇಳಿದ್ದ, ಶಿವಾಜಿನಗರದ ಇನ್ನೊಂದು ಗುಂಪಿಗೂ ಹೇಳಿದ್ದ. ಕತ್ತಲಾಗುವುದರೊಳಗೆ ನಾವು ಎತ್ತಿದ್ದು ನಮಗೆ, ಉಳಿದದ್ದು ಅವರಿಗೆ.

ಅವರು ಮಧ್ಯಾಹ್ನವೇ ಬಂದು ಕಾಂಪೌಂಡಿನ ಮೇಲೆ ಕಾಲು ಇಳಿಬಿಟ್ಟು ಕುಳಿತರು, ಹದ್ದುಗಳ ಹಾಗೆ.

“ಏನ್ ಯಜಮಾನ್ರೇ, ಇನ್ನೂ ಮಂಚಾನೇ ಬಿಚ್ತಿದೀರಾ? ಹೆಣ್ಣು ಕಳ್ಸೋರ ಥರ ಒಂದೊಂದೇ ಸಾಮಾನು ಕಳಿಸ್ತಿದೀರಲ್ಲ, ಅಳು ಬೇರೆ ಬರ್ತಿದ್ಯಾ?” ಎಂದ ಅವರಲ್ಲೊಬ್ಬ.

“ಕೆಳಗಿಳಿದು ಮಾತಾಡು” ಎಂದ ದೊಡ್ಡಪ್ಪ.

“ಇಳಿದ್ರೆ ನಿಮ್ಗೇ ಕಷ್ಟ. ತಮ್ಮಂದು ಸೊಂಟ ಹೋಯ್ತು. ನಿಮ್ದೇನ್ ಹೋಗ್ಬೇಕು?”

ದೊಡ್ಡಪ್ಪ ಅವನ ಪಾದ ಹಿಡಿದು ಎಳೆದ. ಅವನ ತಲೆ ಕಾಂಪೌಂಡಿನ ಕಲ್ಲಿಗೆ ಬಡಿದ ಸದ್ದು ತೆಂಗಿನಕಾಯಿ ಒಡೆದಂತೆ ಕೇಳಿತು. ಇನ್ನೊಬ್ಬ ಸೈಕಲ್ ಚೈನು ಬೀಸಿದ. ಅದು ದೊಡ್ಡಪ್ಪನ ಹುಬ್ಬಿನ ಮೇಲೆ ಬಿದ್ದು ಚರ್ಮ ಸೀಳಿತು. ನಾನು ಮಂಚದ ಕಬ್ಬಿಣದ ಪಟ್ಟಿ ತೆಗೆದುಕೊಂಡು ಆ ಚೈನಿನವನ ಮೊಣಕಾಲಿಗೆ ಬಿಟ್ಟೆ. ಅವನೂ ನನ್ನ ವಯಸ್ಸಿನವನೇ. ಕುಂಟುತ್ತಾ ಹಿಂದೆ ಸರಿಯುವಾಗ ನನ್ನ ಮುಖವನ್ನು ಸರಿಯಾಗಿ ನೋಡಿಕೊಂಡ.

“ಸಂಜೆ ಬರ್ತೀವಿ ಮಗಾ. ಮಚ್ಚು ತಂದೇ ಬರ್ತೀವಿ.”

ದೊಡ್ಡಪ್ಪ ಹುಬ್ಬಿಗೆ ಟವೆಲ್ ಒತ್ತಿಕೊಂಡು ಒಳಗೆ ಬಂದ. ಒಂದು ಕಣ್ಣು ರಕ್ತದಲ್ಲಿ ಅಂಟಿಹೋಗಿತ್ತು. “ಮೊದ್ಲು ಪಿಯಾನೋ. ಅದೊಂದು ಅವ್ರಿಗೆ ಸಿಕ್ರೆ ನಾನ್ ಗಂಡ್ಸಲ್ಲ.”

ಆದರೆ ಹಾಲಿನಲ್ಲಿ ಪಿಯಾನೋ ಎದುರು ಆ ಮುದುಕಿ ಕುಳಿತಿದ್ದಳು. ಉಳಿದಿದ್ದ ಒಂದೇ ಬೆತ್ತದ ಕುರ್ಚಿ, ತೊಡೆಯ ಮೇಲೆ ಕೈಚೀಲ, ಪಕ್ಕದಲ್ಲಿ ಸೂಟ್‌ಕೇಸು. ಮಗಳ ಕಾರು ಇನ್ನೂ ಬಂದಿರಲಿಲ್ಲ.

“ಮೇಡಂ, ಹೊರಗೆ ಕೂತ್ಕೊಳ್ಳಿ. ಧೂಳು ಏಳುತ್ತೆ” ಎಂದ ದೊಡ್ಡಪ್ಪ.

“ಡಸ್ಟ್ ನಂದೇ ಮ್ಯಾನ್. ನಾನ್ ಇಲ್ಲೇ ಇರ್ತೀನಿ.”

“ಪಿಯಾನೋ ಎತ್ತಬೇಕು. ಇಂದಿರಾನಗರದಲ್ಲಿ ಒಳ್ಳೇ ಮನೆ ನೋಡಿಟ್ಟಿದೀನಿ. ಮಕ್ಳಿದಾರೆ, ಕಲೀತಾರೆ.”

“ಸುಳ್ಳು ಹೇಳ್ಬೇಡ. ಪಕ್ಕದ ಮನೆ ಪಿಯಾನೋ ನೀವ್ ಹೆಂಗ್ ಒಡೆದ್ರಿ ಅಂತ ನಾನು ಈ ಕಿಟಕೀಲಿ ನಿಂತ್ಕೊಂಡ್ ನೋಡಿದೀನಿ. ಒಡಿ. ನಾನ್ ನೋಡ್ಬೇಕು.”

ದೊಡ್ಡಪ್ಪ ಸುತ್ತಿಗೆಯನ್ನು ಬೆನ್ನ ಹಿಂದೆ ಸರಿಸಿದ. “ಮನೆಯೋರ್ ಮುಂದೆ ನಾವ್ ಒಡೆಯಲ್ಲ ಮೇಡಂ.”

“ಯಾಕೆ? ನಾಚ್ಕೆನಾ?”

ಆಕೆ ತನ್ನ ಕೈಗಳನ್ನು ಚೀಲದ ಮೇಲೆ ಅಗಲಿಸಿ ಇಟ್ಟಳು. ಬೆರಳುಗಳ ಗೆಣ್ಣುಗಳು ಒಂದೊಂದೂ ಒಂದೊಂದು ಕಡೆ ತಿರುಗಿದ್ದವು. ವಯಸ್ಸಿಗೆ ಬರುವ ಸೊಟ್ಟಲ್ಲ ಅದು.

“ನಮ್ ಡ್ಯಾಡಿ. ಒಂದ್ ನೋಟ್ ತಪ್ಪಿದ್ರೆ ಈ ಮುಚ್ಚಳಾನ ನನ್ ಬೆರಳ್ ಮೇಲೆ ಹಾಕ್ತಿದ್ದ, ಢಂ ಅಂತ. ಅಳಬಾರ್ದು. ಅತ್ರೆ ಇನ್ನೊಂದ್ಸಲ. ಅವನು ಸತ್ತು ಎಷ್ಟೋ ವರ್ಷ ಆಯ್ತು, ನಾನ್ ಇದನ್ನ ದಿನಾ ಒರೆಸ್ತಾನೇ ಇದೀನಿ. ಗುಡ್ ಗರ್ಲ್ ನಾನು. ಮಗಳ ಮನೇಗೆ ಇದು ಬರಲ್ಲ ಅಂತ ಗೊತ್ತಾದ ದಿನ ನಂಗೆ ಎಷ್ಟು ಒಳ್ಳೇ ನಿದ್ದೆ ಬಂತು ಗೊತ್ತಾ? ಹೊಡಿ ಮ್ಯಾನ್. ಜೋರಾಗಿ ಹೊಡಿ.”

ಅಷ್ಟು ಮನೆ ಒಡೆದ ದೊಡ್ಡಪ್ಪ ಸುತ್ತಿಗೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡ. ನೋಡುವವರಿಲ್ಲದೆ ಒಡೆದು ಅಭ್ಯಾಸವಾದ ಕೈ ಅದು. ನೋಡುವ ಕಣ್ಣಿನ ಮುಂದೆ ಸುತ್ತಿಗೆಯ ಹಿಡಿ ಎಲ್ಲಿದೆಯೆಂದೇ ಮರೆತವನಂತೆ ತಡವರಿಸಿದ. ಮುಂಭಾಗದ ಹಲಗೆಯನ್ನು ಗಡಾರಿಯಿಂದ ಕಿತ್ತೆಸೆದ. ಒಳಗೆ ತಂತಿಗಳು ಮಿರಮಿರ ಮಿಂಚಿದವು.

“ದೊಡ್ಡಪ್ಪಾ, ಪಾನ ಕೊಡು, ತಂತಿ ಸಡಿಲ ಮಾಡ್ತೀನಿ” ಎಂದೆ.

“ಅಷ್ಟೊತ್ತಿಗೆ ಅವ್ರು ಬಂದು ನನ್ ತಲೆ ಸಡಿಲ ಮಾಡ್ತಾರೆ. ಬಾಯ್ಮುಚ್ಕೊಂಡು ಬೀಡು ಹಿಡ್ಕೊ. ಗೋಡೆ ಕಡೆ ವಾಲ್ತಿದೆ.”

ಹಿಡಿದುಕೊಂಡೆ. ಬಲಗೈಯಲ್ಲಿ.

ಮೊದಲ ಏಟಿಗೆ ಒಳಗಿದ್ದ ಸ್ವರಗಳೆಲ್ಲ ಒಟ್ಟಿಗೆ ಊಳಿಟ್ಟವು. ಸದ್ದು ಗೋಡೆಗೆ ಬಡಿದು ಹಿಂದಿರುಗಿ ನನ್ನ ಹಲ್ಲುಗಳಲ್ಲಿ ನಿಂತಿತು. ಮುದುಕಿ ಕಣ್ಣು ಮುಚ್ಚಲಿಲ್ಲ. ದೊಡ್ಡಪ್ಪ ಅವಳ ಕಡೆ ಒಮ್ಮೆ ನೋಡಿದ, ನೋಡಿದ್ದಕ್ಕೆ ತನ್ನ ಮೇಲೆಯೇ ಸಿಟ್ಟಾಗಿ, ಕೆಟ್ಟ ಬೈಗುಳವೊಂದನ್ನು ಬೈದು, ಒಂದೇ ಕಣ್ಣಿನಲ್ಲಿ ಗುರಿ ಇಟ್ಟು ಎರಡನೆಯದನ್ನು ಬಿಟ್ಟ.

ಬೀಡು ಬಂದೂಕಿನ ಹಾಗೆ ಸಿಡಿಯಿತು. ತಂತಿಗಳು ಒಟ್ಟಿಗೆ ಹಾರಿದವು. ಒಂದು ಕಿಟಕಿಯ ಗಾಜು ಒಡೆದುಕೊಂಡು ಹೋಯಿತು; ಒಂದು ನನ್ನ ಅಂಗೈಯನ್ನು ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಬಿಡಿಸಿಟ್ಟಿತು. ಅದರ ಹಿಂದೆಯೇ ಒಡೆದ ಬೀಡಿನ ತುಂಡು ಜಾರಿ ಎರಡು ಬೆರಳುಗಳ ಮೇಲೆ ಕುಳಿತಿತು. ಮೊದಲು ಬಿಳಿ ಕಂಡಿತು. ಆಮೇಲೆ ಕೆಂಪು. ನೋವು ಎಲ್ಲಕ್ಕಿಂತ ಕೊನೆಗೆ ಬಂತು, ತಡವಾಗಿ ಬಂದ ನೆಂಟನಂತೆ, ಬಂದ ಮೇಲೆ ಹೋಗಲೇ ಇಲ್ಲ.

ಆಕೆ ಕೂಗಾಡಲಿಲ್ಲ. ಸೂಟ್‌ಕೇಸು ತೆರೆದು ಮಡಿಸಿಟ್ಟಿದ್ದ ದಿಂಬಿನ ಚೀಲವನ್ನು ತೆಗೆದು, ತನ್ನ ಸೊಟ್ಟ ಬೆರಳುಗಳಲ್ಲಿ ನನ್ನ ಕೈಗೆ ಬಿಗಿದು ಕಟ್ಟಿದಳು. ಕಟ್ಟುತ್ತಾ, ಸುತ್ತಿಗೆ ಹಿಡಿದು ಕಲ್ಲಿನಂತೆ ನಿಂತಿದ್ದ ದೊಡ್ಡಪ್ಪನನ್ನು ನೋಡಿ ಹೇಳಿದಳು:

“ಹೊಡೆದಾದ್ ಮೇಲೆ ಡ್ಯಾಡಿನೂ ಹಿಂಗೇ ನಿಂತ್ಕೊಂಡಿರ್ತಿದ್ದ.”

ಸರ್ಕಾರಿ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ ಡಾಕ್ಟರು, ಒಳಗಿನ ನರ ತುಂಡಾಗಿದೆ, ಹೆಬ್ಬೆರಳು ಮಡಚುವುದು ಅನುಮಾನ ಎಂದರು. “ಬರೆಯೋಕಾಗುತ್ತಾ ಸಾರ್?” ಎಂದೆ. “ಮೊದ್ಲು ಅನ್ನ ಕಲಸೋಕಾಗುತ್ತಾ ಕೇಳಪ್ಪ” ಎಂದರು.

ಅಂದು ಸಂಜೆ ದೊಡ್ಡಪ್ಪ ನಮ್ಮ ಮನೆಗೆ ಬಂದ. ಹುಬ್ಬಿನ ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು. ಬಾಗಿಲಲ್ಲೇ ನಿಂತು ಅಪ್ಪನಿಗೆ ವರದಿ ಒಪ್ಪಿಸಿದ. “ಮುಗೀತು ಕಣೋ. ಒಂದ್ ಮೊಳೆ ಬಿಡ್ಲಿಲ್ಲ ಅವ್ರಿಗೆ. ಮಚ್ಚು ಹಿಡ್ಕೊಂಡು ಬಂದ್ರು, ಬರೀ ಗೋಡೆ ನೋಡ್ಕೊಂಡು ಹೋದ್ರು.” ಆಮೇಲೆ ನನ್ನ ಕೈ ಕಡೆ ನೋಡಿದ. ಏನಾದರೂ ಹೇಳಬೇಕಿತ್ತು ಅವನಿಗೆ. ಅವನ ಬಾಯಿಂದ ಬಂದದ್ದು ಇದು: “ಇನ್ನೇನ್ ಬರೀತೀಯಾ ನೀನು? ಹೋಗ್ಲಿ ಬಿಡು, ಆ ಹುಚ್ಚೊಂದು ಬಿಟ್ಟಂಗಾಯ್ತು.”

ನಾನು ಎದ್ದು, ಎಡಗೈ ಮುಷ್ಟಿ ಕಟ್ಟಿ, ಅದೇ ಹುಬ್ಬಿನ ಮೇಲೆ ಗುದ್ದಿದೆ.

ಅವನು ನೀರಿನ ಕೊಡಗಳ ಮೇಲೆ ಬಿದ್ದ. ಕೊಡ ಉರುಳಿ ನೆಲವೆಲ್ಲ ನೀರಾಯಿತು, ನೀರೆಲ್ಲ ಕೆಂಪಾಯಿತು. ಇನ್ನೊಂದು ಹಾಕಲು ಬಗ್ಗಿದೆ. ಅಮ್ಮ ಹಿಂದಿನಿಂದ ನನ್ನ ಜುಟ್ಟು ಹಿಡಿದು ಎಳೆದು, ಮುದ್ದೆ ಕೋಲಿನಿಂದ ಬೆನ್ನಿಗೆ ಬಾರಿಸತೊಡಗಿದಳು. “ಹಿರೀರ ಮೇಲೆ ಕೈ ಮಾಡ್ತೀಯಾ? ನಿಂಗೆ ಅನ್ನ ಹಾಕಿದ್ ಕೈ ಕಣೋ ಅದು!” ಒಂದೊಂದು ಮಾತಿಗೆ ಒಂದೊಂದು ಏಟು.

ಅಪ್ಪ ಮಂಚದ ಮೇಲಿಂದ ಕೂಗುತ್ತಿದ್ದ: “ಬಿಡೇ ಅವನ್ನ! ನಾನ್ ಎದ್ ನಿಲ್ಲೋ ಹಂಗಿದ್ರೆ ನಾನೇ ಹೊಡೀತಿದ್ದೆ!”

“ಯಾರನ್ನೋ?” ಎಂದ ದೊಡ್ಡಪ್ಪ, ನೆಲದ ಮೇಲೆ ಕುಳಿತೇ, ಮುಖ ಒರೆಸಿಕೊಳ್ಳುತ್ತಾ.

“ನಿನ್ನೇ ಕಣಣ್ಣ, ನಿನ್ನೇ!”

ಆ ಏಟಿಗೆ ನಾನು ಇಂದಿನವರೆಗೂ ಕ್ಷಮೆ ಕೇಳಿಲ್ಲ. ಕೇಳಬೇಕೆಂದು ಅನ್ನಿಸಿಯೂ ಇಲ್ಲ.

ಕಾಲೇಜಿನಲ್ಲಿ, ಬೇಕಾದರೆ ಬರೆದುಕೊಡುವವನೊಬ್ಬನನ್ನು ಕರೆತರಬಹುದು, ಆದರೆ ಅವನು ನಿನಗಿಂತ ಕಡಿಮೆ ಓದಿರಬೇಕು ಎಂದರು. ನಮ್ಮ ಗಲ್ಲಿಯಲ್ಲಿ ಕಡಿಮೆ ಓದಿದವರಿಗೆ ಬರವಿರಲಿಲ್ಲ. ನಾನು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು ಅಕೌಂಟ್ಸಿನ ಕಾಲಂ ಎಳೆಯುವವನು ಮಾತ್ರ ಒಬ್ಬನೂ ಇರಲಿಲ್ಲ. ಎಡಗೈಯಲ್ಲಿ ಬರೆಯುವುದೇ ದಾರಿ ಎಂದು ತೀರ್ಮಾನಿಸಿದೆ.

ಕೆಲಸಕ್ಕೂ ಹೋಗಲೇಬೇಕಿತ್ತು. ಖಾಲಿಯಾದ ಮನೆಗಳ ಗೋಡೆಯೇ ನನ್ನ ಸ್ಲೇಟಾಯಿತು. ನಾಳೆ ಬೀಳುವ ಗೋಡೆಯ ಮೇಲೆ ಏನು ಗೀಚಿದರೂ ಕೇಳುವವರಿಲ್ಲ. ಇದ್ದಿಲು ಹಿಡಿದು ಮಕ್ಕಳ ಹಾಗೆ ಸೊಟ್ಟಸೊಟ್ಟಗೆ ಅಂಕಿ ಬರೆಯುತ್ತಿದ್ದೆ. ಆಚೆ ಕೋಣೆಯಲ್ಲಿ ನಮ್ಮವರು ಕಿಟಕಿಯ ಚೌಕಟ್ಟುಗಳನ್ನು ಗೋಡೆಯಿಂದ ಕೀಳುತ್ತಿದ್ದರು. ಪ್ರತಿ ಏಟಿಗೂ ನನ್ನ ಗೋಡೆ ನಡುಗಿ, ಏಳು ಒಂದಾಗುತ್ತಿತ್ತು, ಒಂದು ಏನೂ ಅಲ್ಲದ್ದಾಗುತ್ತಿತ್ತು. ದೊಡ್ಡಪ್ಪನಿಗೂ ನನಗೂ ಮಾತು ನಿಂತಿತ್ತು. “ಆ ಎಡಚಂಗೆ ಹೇಳ್ರೋ, ಟೀ ಬಂದಿದೆ ಅಂತ” ಎಂದು ಗೋಡೆಗೆ ಕೇಳುವಂತೆ ಹೇಳುತ್ತಿದ್ದ.

ಕೆ.ಆರ್. ಪುರದ ಹತ್ತಿರದ ಒಂದು ಮನೆಯಲ್ಲಿ, ನೆಲದಿಂದ ಕೈಗೆಟುಕುವಷ್ಟು ಎತ್ತರಕ್ಕೆ ಒಂದು ಗೋಡೆಯ ತುಂಬ ಆಸ್ತಿ ಒಂದು ಕಡೆ, ಹೊಣೆ ಒಂದು ಕಡೆ ಪಟ್ಟಿ ಬರೆದು ನಿಂತಿದ್ದೆ. ನಮ್ಮವನೊಬ್ಬ ಪಕ್ಕದ ಕಿಟಕಿಗೆ ಗಡಾರಿ ಹೂಡಿದ.

“ತಡೀರೋ. ಕೂಡಿ ಮುಗಿಸ್ಲಿ” ಎಂದ ದೊಡ್ಡಪ್ಪ ಹಿಂದಿನಿಂದ. ಸ್ವಲ್ಪ ಹೊತ್ತು ನಿಂತು ನೋಡಿದ. ಆ ಗುದ್ದಿನ ನಂತರ ಮೊದಲ ಸಲ ನೇರವಾಗಿ ನನ್ನನ್ನೇ ಕೇಳಿದ: “ಎರಡೂ ಕಡೆ ಸಮ ಬಂತೇನೋ?”

“ಇಲ್ಲ.”

“ಹಂಗಾದ್ರೆ ಒಡೀರಿ.”

ಗಡಾರಿ ನನ್ನ ಕಿವಿಯ ಪಕ್ಕದಲ್ಲೇ ಗೋಡೆಗೆ ಇಳಿಯಿತು. ನಾನು ಪಕ್ಕದ ಕೋಣೆಗೆ ಹೋಗಿ ಮತ್ತೆ ಮೊದಲಿಂದ ಬರೆದೆ.

ಪರೀಕ್ಷೆಯಲ್ಲಿ, ನನಗೆ ಉತ್ತರ ಗೊತ್ತಿದ್ದ ಪ್ರಶ್ನೆಗಳ ಅರ್ಧದಲ್ಲೇ ಗಂಟೆ ಹೊಡೆಯಿತು. ಎಡಗೈ ಅಷ್ಟು ನಿಧಾನ. ಎರಡು ಪೇಪರು ಹೋದವು. ಫಲಿತಾಂಶದ ದಿನ ಗೋಡೌನಿನಲ್ಲಿ ಒಂದು ಹಳೇ ಫ್ರಿಜ್ಜನ್ನು ಎಳೆದುಕೊಂಡು, ಎಡಗೈಯಲ್ಲಿ ಸುತ್ತಿಗೆ ಹಿಡಿದು, ಅದರಲ್ಲಿ ಒಡೆಯಲು ಏನೂ ಉಳಿಯದಷ್ಟು ಒಡೆದೆ. ಮತ್ತೆ ಬರೆದೆ. ಒಂದು ಉಳಿಯಿತು. ಮತ್ತೆ ಬರೆದೆ. ಡಿಗ್ರಿ ಪಾಸಾದೆ ಎಂದು ಹೇಳಿಕೊಳ್ಳುವವರಿದ್ದಾರೆ. ನಾನು ಆ ಬಾಗಿಲಿಗೆ ಭುಜ ಕೊಟ್ಟು ಗುದ್ದಿ ಗುದ್ದಿ ಒಡೆದು ಒಳಗೆ ಹೋದವನು. ಹಾಗೆಂದು ಹೇಳಿಕೊಳ್ಳಲು ನನಗೆ ಹೆಮ್ಮೆಯಿದೆ.

ಸರ್ಟಿಫಿಕೇಟು ಕೈಗೆ ಬರುವ ಹೊತ್ತಿಗೆ ನಾನು ಇಂದಿರಾನಗರದ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದೆ. ಅದನ್ನು ಮೊದಲು ಅಪ್ಪನ ಎದೆಯ ಮೇಲೆ ಇಟ್ಟೆ. ಅಪ್ಪ ಅದರ ಮೇಲೆ ಅಂಗೈ ಆಡಿಸಿದ. ಆಮೇಲೆ, “ಹೋಗು, ಅವನ ಕೈಗೆ ಕೊಡು” ಎಂದ.

ದೊಡ್ಡಪ್ಪ ಗೋಡೌನಿನಲ್ಲಿ ಸುಟ್ಟುಹೋದ ಮೋಟರೊಂದರ ಹೊಟ್ಟೆ ಸೀಳಿ ತಾಮ್ರ ಎಳೆಯುತ್ತಿದ್ದ. ಹುಬ್ಬಿನ ಗಾಯ ಅಲ್ಲಿ ಕೂದಲು ಬೆಳೆಯದಂತೆ ಮಾಡಿತ್ತು. ಸರ್ಟಿಫಿಕೇಟು ಚಾಚಿದೆ. ಅವನು ಕೈ ನೋಡಿಕೊಂಡ. ಎದ್ದು ಹೋಗಿ ಸೋಪು ಹಾಕಿ ಎರಡು ಸಲ ತೊಳೆದು, ಅಂಗಿಗೆ ಒರೆಸಿಕೊಂಡು ಬಂದು, ಎರಡೂ ಕೈಯಲ್ಲಿ ತೆಗೆದುಕೊಂಡ.

“ಇದ್ರಲ್ಲಿ ನಿನ್ ಹೆಸ್ರೆಲ್ಲಿ?”

ತೋರಿಸಿದೆ.

“ಇಷ್ಟ್ ಸಣ್ಣಗೆ ಬರ್ದಿದಾರಲ್ಲ, ನನ್ಮಕ್ಳು.” ಬೆಳಕಿಗೆ ಹಿಡಿದು ನೋಡಿದ, ಹಿಂದೆ ತಿರುಗಿಸಿ ನೋಡಿದ. ಅವನ ಕಣ್ಣು ನನ್ನ ಮಡಚಲಾಗದ ಹೆಬ್ಬೆರಳಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅದನ್ನು ನನ್ನ ಕೈಗೆ ವಾಪಸು ಕೊಡುತ್ತಾ ಹೇಳಿದ:

“ಎಷ್ಟ್ ಮನೆ ಖಾಲಿ ಮಾಡಿದೀನೋ ಲೆಕ್ಕ ಇಲ್ಲ. ಹೆಂಡ್ತಿ ಫೋಟೋ ಬಿಟ್ಟು ಹೋಗ್ತಾರೆ, ಅಪ್ಪನ ಊರುಗೋಲು ಬಿಟ್ಟು ಹೋಗ್ತಾರೆ, ದೇವ್ರನ್ನೂ ಬಿಟ್ಟು ಹೋಗ್ತಾರೆ. ಇದನ್ನ ಬಿಟ್ಟು ಹೋದೋನ್ನ ಒಬ್ಬನ್ನೂ ನೋಡಿಲ್ಲ ಕಣೋ ನಾನು.”